ಲಕ್ವಕ್ಕೆ ಮುಂಚೆ ನೋವಿತ್ತಾ?

ಲಕ್ವ ಹೊಡೆದವರನ್ನು ತುರ್ತು ವಿಭಾಗಕ್ಕೆ ಕರೆತಂದ ಕೂಡಲೇ ಡಾಕ್ಟರು ಮೊದಲು ವಿಚಾರಿಸುವುದು ಸಮಯವನ್ನು. ‘ಇವರು ಚೆನ್ನಾಗಿದ್ದದ್ದನ್ನು ಕೊನೆಯ ಸಲ ಯಾವಾಗ ನೋಡಿದಿರಿ?’ ಆರೂವರೆಗೆ ಕಾಫಿ ಕುಡಿದಿದ್ದರು, ಪೇಪರ್ ಓದುತ್ತ ಕೂತಿದ್ದರು, ಏಳೂಕಾಲಿಗೆ ಸ್ನಾನಕ್ಕೆಂದು ಎದ್ದವರು ಹಾಗೇ ಕುಸಿದರು ಎಂದು ಮನೆಯವರು ತಡವರಿಸುತ್ತ ಲೆಕ್ಕ ಒಪ್ಪಿಸುತ್ತಾರೆ. ಮುಂದಿನದೆಲ್ಲ ಆ ಲೆಕ್ಕದ ಮೇಲೆ ನಿಂತಿದೆ. ಮಿದುಳಿನ ರಕ್ತನಾಳದಲ್ಲಿ ಕಟ್ಟಿಕೊಂಡ ಹೆಪ್ಪನ್ನು ಕರಗಿಸುವ ಇಂಜೆಕ್ಷನ್ ಮೂರು ಗಂಟೆಯೊಳಗೆ ಕೊಟ್ಟರೆ ಫಲ ಕೊಡುತ್ತದೆ ಎಂದು 1995ರಲ್ಲಿ ಅಮೆರಿಕದ ಅಧ್ಯಯನವೊಂದು ತೋರಿಸಿತು; 2008ರ ಯುರೋಪಿನ ಅಧ್ಯಯನ ಆ ಗಡುವನ್ನು ನಾಲ್ಕೂವರೆ ಗಂಟೆಗೆ ಹಿಗ್ಗಿಸಿತು. ಬೇಗ ಕೊಟ್ಟಷ್ಟೂ ಮಿದುಳು ಹೆಚ್ಚು ಉಳಿಯುತ್ತದೆ. ಹಾಗಾಗಿ ಎಲ್ಲರೂ ಓಡುತ್ತಾರೆ, ಓಡಲೇಬೇಕು.

ಈ ಓಟದಲ್ಲಿ ಇನ್ನೊಂದು ಪ್ರಶ್ನೆ ಕಾಲಡಿಗೆ ಸಿಕ್ಕಿ ಹೋಗುವುದುಂಟು: ಕುಸಿಯುವ ಮುಂಚೆ ಎದೆಯಲ್ಲೋ ಬೆನ್ನಲ್ಲೋ ನೋವು ಬಂದಿತ್ತಾ?

ಯಾಕೆಂದರೆ ಲಕ್ವಕ್ಕೆ ಸಾಮಾನ್ಯವಾಗಿ ನೋವಿರುವುದಿಲ್ಲ. ಕೈ ಎತ್ತಲಾಗುವುದಿಲ್ಲ, ಬಾಯಿ ಒಂದು ಕಡೆಗೆ ಸೊಟ್ಟಗಾಗುತ್ತದೆ, ನಾಲಿಗೆ ತೊದಲುತ್ತದೆ. ಕೆಲವರಿಗೆ ತಲೆನೋವು ಬರಬಹುದು, ಅಷ್ಟೆ. ಎದೆಯನ್ನೋ ಎರಡು ಹೆಗಲೆಲುಬುಗಳ ನಡುವಿನ ಜಾಗವನ್ನೋ ಹಿಡಿದುಕೊಂಡು ಚೀರಿದವರ ಕೈ ಆಮೇಲೆ ಸೋತರೆ ಕಥೆ ಬೇರೆಯೇ ಇರಬಹುದು. ತೊಂದರೆ ಮಿದುಳಿನಲ್ಲಿ ಹುಟ್ಟದೆ, ಅದಕ್ಕೆ ರಕ್ತ ಸಾಗಿಸುವ ಬುಡದಲ್ಲೇ ಹುಟ್ಟಿರಬಹುದು. ಆ ಬುಡವೇ ಮಹಾಪಧಮನಿ. ಅದರ ಒಳಪದರ ಹರಿಯುವುದಕ್ಕೆ ವೈದ್ಯರು ಅಯೋರ್ಟಿಕ್ ಡಿಸೆಕ್ಷನ್ ಎನ್ನುತ್ತಾರೆ.

ಮಹಾಪಧಮನಿ ಹೃದಯದಿಂದ ನೇರವಾಗಿ ಹೊರಡುವ, ದೇಹದ ಅತಿ ದೊಡ್ಡ ರಕ್ತನಾಳ. ಮೇಲೇರಿ, ಊರುಗೋಲಿನ ಹಿಡಿಯ ಹಾಗೆ ಬಾಗಿ, ಬೆನ್ನೆಲುಬಿನ ಪಕ್ಕದಲ್ಲಿ ಹೊಟ್ಟೆಯವರೆಗೆ ಇಳಿಯುತ್ತದೆ. ಹೃದಯ ದಿನಕ್ಕೆ ಸುಮಾರು ಒಂದು ಲಕ್ಷ ಸಲ ಬಡಿಯುತ್ತದೆ. ಆ ಒಂದೊಂದು ಬಡಿತದ ಏಟನ್ನೂ ಮೊದಲು ತಿನ್ನುವುದು ಈ ನಾಳದ ಗೋಡೆ. ಗೋಡೆಗೆ ಮೂರು ಪದರ. ಹಳೆಯ ಕೋಟಿನ ತೋಳಿನೊಳಗಿನ ಲೈನಿಂಗ್ ಹರಿದಿದ್ದರೆ ಕೈ ತೋಳಿನೊಳಗೆ ಹೋಗದೆ ಲೈನಿಂಗಿನ ಸಂದಿಗೆ ನುಗ್ಗುತ್ತದಲ್ಲ, ಇಲ್ಲೂ ಹಾಗೆಯೇ. ಒಳಪದರದ ಬಿರುಕಿನಿಂದ ನುಗ್ಗಿದ ರಕ್ತ ನಡುವಿನ ಪದರವನ್ನು ಸೀಳಿಕೊಂಡು ಮುಂದಕ್ಕೆ ಹೋಗುತ್ತದೆ. ಒಂದು ನಾಳ ಇದ್ದಲ್ಲಿ ಎರಡು ದಾರಿ ಆಗುತ್ತದೆ: ಒಂದು ಅಸಲಿ, ಇನ್ನೊಂದು ಸುಳ್ಳು ದಾರಿ. ಸುಳ್ಳು ದಾರಿ ಉಬ್ಬಿದಂತೆ ಅಸಲಿ ದಾರಿ ಚಪ್ಪಟೆಯಾಗುತ್ತದೆ.

ಮಿದುಳಿಗೆ ರಕ್ತ ಹೋಗುವುದು ಆ ಬಾಗಿದ ಹಿಡಿಯ ಮೇಲಿನ ಕವಲುಗಳಿಂದ. ಮೊದಲ ಕವಲು ಬಲಗೈಗೂ ಮಿದುಳಿನ ಬಲಭಾಗಕ್ಕೂ ರಕ್ತ ಒಯ್ಯುತ್ತದೆ. ಎರಡನೆಯದು ಮಿದುಳಿನ ಎಡಭಾಗಕ್ಕೆ, ಮೂರನೆಯದು ಮುಖ್ಯವಾಗಿ ಎಡಗೈಗೆ. ಸೀಳು ಈ ಕವಲುಗಳೊಳಗೆ ಹಬ್ಬಿದರೆ, ಇಲ್ಲವೇ ಹರಿದ ಪದರ ಕವಲಿನ ಬಾಯಿಗೆ ಪರದೆಯಂತೆ ಅಡ್ಡ ಬಂದರೆ, ಮಿದುಳಿಗೆ ರಕ್ತ ನಿಲ್ಲುತ್ತದೆ. ಸೀಳು ಮೊದಲ ಕವಲಿಗೇ ಹೆಚ್ಚಾಗಿ ಇಳಿಯುವುದರಿಂದ ಇಂಥ ಲಕ್ವದಲ್ಲಿ ದೇಹದ ಎಡಭಾಗ ಸೋಲುವುದು ಹೆಚ್ಚು. ಮಿದುಳಿನ ಬಲಭಾಗ ಆಳುವುದು ದೇಹದ ಎಡಭಾಗವನ್ನು. ಪರದೆ ಅಲುಗಾಡಿದಂತೆ ಲಕ್ಷಣವೂ ಬಂದು ಹೋಗಬಹುದು. ಹತ್ತು ನಿಮಿಷ ಎತ್ತಲಾಗದ ಕೈ ಮತ್ತೆ ಸರಿಯಾದರೆ ಮನೆಯವರು ನಿಟ್ಟುಸಿರು ಬಿಡುತ್ತಾರೆ. ಬಿಡಬಾರದು.

ಈಗ ಆ ಇಂಜೆಕ್ಷನ್ನಿನ ವಿಷಯ. ಹೆಪ್ಪು ಕರಗಿಸುವ ಔಷಧಕ್ಕೆ ಒಳ್ಳೆಯ ಹೆಪ್ಪು, ಕೆಟ್ಟ ಹೆಪ್ಪು ಎಂಬ ಭೇದ ಗೊತ್ತಿಲ್ಲ. ಸೀಳಿದ ಮಹಾಪಧಮನಿಯ ಹೊರಗೋಡೆ ತೆಳ್ಳಗೆ ಉಳಿದಿರುತ್ತದೆ. ಒಳಗೆ ಕಟ್ಟಿಕೊಂಡ ಹೆಪ್ಪೇ ಎಷ್ಟೋ ಸಲ ಅದನ್ನು ತಡೆದು ಹಿಡಿದಿರುತ್ತದೆ. ಅದು ಕರಗಿದರೆ ರಕ್ತ ಹೃದಯದ ಸುತ್ತಲಿನ ಚೀಲಕ್ಕೋ ಎದೆಗೂಡಿಗೋ ಸುರಿಯಬಹುದು. ಜಪಾನಿನಲ್ಲಿ ಈ ಔಷಧವನ್ನು ಲಕ್ವಕ್ಕೆ ಬಳಸಲು 2005ರಲ್ಲಿ ಒಪ್ಪಿಗೆ ಸಿಕ್ಕಿತು. ಮಹಾಪಧಮನಿ ಸೀಳಿದ್ದು ಗೊತ್ತಾಗದೆ ಇಂಜೆಕ್ಷನ್ ಪಡೆದವರ ಸಾವುಗಳು ವರದಿಯಾದಾಗ, ಕೊಡುವ ಮುಂಚೆ ಡಿಸೆಕ್ಷನ್ ಇಲ್ಲವೆಂದು ನೋಡಿಕೊಳ್ಳಿ ಎಂಬ ಎಚ್ಚರಿಕೆ ಅಲ್ಲಿ ಹೊರಟಿತು. ಅಮೆರಿಕದ ಲಕ್ವ ಚಿಕಿತ್ಸೆಯ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ: ಮಹಾಪಧಮನಿಯ ಬಾಗಿನಲ್ಲಿ ಸೀಳು ಇರುವುದು ಗೊತ್ತಿದ್ದರೆ ಅಥವಾ ಅನುಮಾನವಿದ್ದರೆ ಈ ಔಷಧ ಕೊಡಬಾರದು.

ಇದನ್ನು ಓದಿ ಯಾರೂ ಇಂಜೆಕ್ಷನ್ನಿಗೇ ಹೆದರಬೇಕಾಗಿಲ್ಲ. ಲಕ್ವದ ರೋಗಿಗಳಲ್ಲಿ ಮಹಾಪಧಮನಿ ಸೀಳಿದವರು ತೀರ ಕಡಿಮೆ. ಉಳಿದವರಿಗೆ ಆ ಔಷಧವೇ ಕೈಕಾಲು ಉಳಿಸುವಂಥದ್ದು. ಇಲ್ಲಿ ಬೇಕಾಗಿರುವುದು ಆ ಅಪರೂಪದವರನ್ನು ಹೆಕ್ಕಿ ತೆಗೆಯುವ ಒಂದು ಸುಳಿವು, ಮತ್ತು ಅದು ಎಷ್ಟೋ ಸಲ ಯಂತ್ರದಲ್ಲಿರುವುದಿಲ್ಲ, ಮನೆಯವರ ನೆನಪಿನಲ್ಲಿರುತ್ತದೆ. ರೋಗಿಗೆ ಮಾತೇ ಬಿದ್ದುಹೋಗಿದ್ದರೆ, ಮಂಪರು ಕವಿದಿದ್ದರೆ, ನೋವಿತ್ತು ಎಂದು ಹೇಳುವವರು ಇನ್ಯಾರು?

ನೋವನ್ನು ಜನ ಮುಚ್ಚಿಡುವ ಬಗೆಯೂ ವಿಚಿತ್ರ. ಇದಕ್ಕೆ ಮೈಕೆಲ್ ಡಿಬೇಕಿಯವರ ಕಥೆಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಅಮೆರಿಕದ ಹ್ಯೂಸ್ಟನ್ನಿನ ಈ ಶಸ್ತ್ರವೈದ್ಯರು ಸೀಳಿದ ಮಹಾಪಧಮನಿಯನ್ನು ಸರಿಪಡಿಸುವ ಆಪರೇಷನ್ನನ್ನು 1954ರಲ್ಲಿ ಮೊದಲು ಯಶಸ್ವಿಯಾಗಿ ಮಾಡಿ ತೋರಿಸಿದವರು. ಹಾಳಾದ ನಾಳದ ಜಾಗಕ್ಕೆ ಜೋಡಿಸಲು ಬಟ್ಟೆಯ ಕೊಳವೆ ಬೇಕಾದಾಗ ಅಂಗಡಿಗೆ ಹೋದರು. ನೈಲಾನ್ ಮುಗಿದಿದೆ, ಡೆಕ್ರಾನ್ ಎಂಬ ಹೊಸ ಬಟ್ಟೆ ಬಂದಿದೆ ಎಂದಿತು ಅಂಗಡಿ. ಅದನ್ನೇ ಕೊಂಡು ತಂದು, ಅಮ್ಮ ಚಿಕ್ಕಂದಿನಲ್ಲಿ ಕಲಿಸಿದ್ದ ಹೊಲಿಗೆಯ ನೆನಪಿನಲ್ಲಿ, ಹೆಂಡತಿಯ ಹೊಲಿಗೆ ಯಂತ್ರದ ಮೇಲೆ ಕೊಳವೆ ಹೊಲಿದರು. ಇವತ್ತಿಗೂ ಜಗತ್ತಿನ ಆಪರೇಷನ್ ಥಿಯೇಟರುಗಳಲ್ಲಿ ಬಳಕೆಯಾಗುತ್ತಿರುವ ಕೃತಕ ನಾಳ ಅದೇ ಬಟ್ಟೆಯದ್ದು. ಡಿಸೆಕ್ಷನ್ನಿನ ಬಗೆಗಳನ್ನು ವಿಂಗಡಿಸುವ ಒಂದು ಪದ್ಧತಿಗೂ ಅವರದೇ ಹೆಸರಿದೆ.

2005ರ ಡಿಸೆಂಬರ್ 31ರಂದು, 97ರ ವಯಸ್ಸಿನಲ್ಲಿ, ಮನೆಯ ಓದುಕೋಣೆಯಲ್ಲಿ ಕೂತಿದ್ದಾಗ ಅವರಿಗೆ ಎದೆಯ ಮೇಲ್ಭಾಗದಿಂದ ಹೆಗಲೆಲುಬುಗಳ ನಡುವೆ ಹಾದು ಕುತ್ತಿಗೆಗೆ ಏರಿದ ನೋವು ಬಂತು. ಕೆಲವೇ ಕ್ಷಣಗಳಲ್ಲಿ ಹೃದಯ ನಿಂತೇಹೋಗುತ್ತದೆ ಎಂದುಕೊಂಡರು. ಹೆಂಡತಿ, ಮಗಳು ಬಂದು ನೋಡಿ ಗಾಬರಿಯಾದಾಗ ಹೇಳಿದ್ದೇನು ಗೊತ್ತೇ? ನಿದ್ದೆ ಹತ್ತಿತ್ತು, ಸ್ನಾಯು ಉಳುಕಿದೆ! ಜೀವಮಾನವಿಡೀ ಅದೇ ಕಾಯಿಲೆಯ ಮೇಲೆ ಕೆಲಸ ಮಾಡಿದವರು ಕೊಟ್ಟ ಉತ್ತರ ಅದು. ಕಾಯಿಲೆ ಏನೆಂದು ಗೊತ್ತಾದ ಮೇಲೂ ವಾರಗಟ್ಟಲೆ ಆಪರೇಷನ್ ಬೇಡವೆಂದು ಹಟ ಹಿಡಿದರು. 2006ರ ಫೆಬ್ರುವರಿಯಲ್ಲಿ ಸ್ಥಿತಿ ಕೈಮೀರಿದಾಗ, ಆಸ್ಪತ್ರೆಯ ನೈತಿಕ ಸಮಿತಿ ಕೂತು ಚರ್ಚಿಸಿದ ಮೇಲೆ, ಅವರ ಜೊತೆಯಲ್ಲೇ ದುಡಿದಿದ್ದ ವೈದ್ಯರು ಅವರೇ ರೂಪಿಸಿದ್ದ ಆಪರೇಷನ್ನನ್ನು ಅವರಿಗೇ ಮಾಡಿದರು. ಸುಮಾರು ಏಳು ಗಂಟೆ ಹಿಡಿಯಿತು. ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿದ್ದು ಮನೆಗೆ ಹೋದರು. ತೀರಿಕೊಂಡದ್ದು 2008ರ ಜುಲೈನಲ್ಲಿ, 99 ವರ್ಷ ತುಂಬಿದ ಮೇಲೆ.

ಡಿಬೇಕಿಯೇ ಉಳುಕು ಎಂದರೆ ನಮ್ಮ ಮನೆಗಳ ಮಾತು ಹೇಳುವುದೇ ಬೇಡ. ಎದೆ ಹಿಡಿದರೆ ಗ್ಯಾಸ್ಟ್ರಿಕ್, ಬೆನ್ನು ಹಿಡಿದರೆ ವಾಯು. ಒಂದಕ್ಕೆ ಸೋಡಾ, ಜೀರಿಗೆ ನೀರು. ಇನ್ನೊಂದಕ್ಕೆ ಮುಲಾಮು ತಿಕ್ಕಿ ಬಿಸಿ ಶಾಖ. ಗ್ಯಾಸ್ಟ್ರಿಕ್ ಎಂಬ ಪದ ಕನ್ನಡಕ್ಕೆ ಬಂದು ಎಷ್ಟು ಜನರ ಜೀವ ತೆಗೆದಿದೆಯೋ, ಲೆಕ್ಕ ಇಟ್ಟವರಿಲ್ಲ. ಅರ್ಧ ಗಂಟೆ ಕಳೆದು ಕೈ ಬಿದ್ದುಹೋದಾಗ ಮನೆಯವರ ಗಮನವೆಲ್ಲ ಲಕ್ವದ ಕಡೆಗೆ ಹೊರಳುತ್ತದೆ. ಮುಂಚಿನ ನೋವು, ಅದಕ್ಕೆ ತಿಕ್ಕಿದ ಮುಲಾಮು ಯಾವುದೂ ಆಸ್ಪತ್ರೆಯಲ್ಲಿ ಬಾಯಿಗೆ ಬರುವುದಿಲ್ಲ.

ಹಾಗಾದರೆ ಆ ನೋವು ಹೇಗಿರುತ್ತದೆ? 12 ಆಸ್ಪತ್ರೆಗಳ 464 ರೋಗಿಗಳ ವಿವರ ಕಲೆಹಾಕಿ 2000ದಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ದಾಖಲೆಯೊಂದರಲ್ಲಿ ಹತ್ತರಲ್ಲಿ ಒಂಬತ್ತು ಜನ ಇದನ್ನು ಅತಿ ತೀವ್ರ, ಅಥವಾ ಬದುಕಿನಲ್ಲೇ ಕಾಣದ ನೋವು ಎಂದಿದ್ದಾರೆ. ನೂರರಲ್ಲಿ 85 ಮಂದಿಗೆ ಅದು ಏಕಾಏಕಿ ಬಂದಿತ್ತು. ಪುಸ್ತಕಗಳು ‘ಹರಿದಂಥ ನೋವು’ ಎಂದು ಬರೆದರೂ ಚೂರಿ ಹಾಕಿದಂತೆ ಎಂದವರೇ ಹೆಚ್ಚು. ಹೃದಯಾಘಾತದ ನೋವು ಸಾಮಾನ್ಯವಾಗಿ ಹಿಂಡುತ್ತ, ನಿಧಾನವಾಗಿ ಏರುತ್ತದೆ. ಇದು ಮೊದಲ ಕ್ಷಣದಲ್ಲೇ ತುತ್ತತುದಿ ಮುಟ್ಟುತ್ತದೆ, ಎದೆಯಿಂದ ಬೆನ್ನಿಗೆ, ಬೆನ್ನಿನಿಂದ ಹೊಟ್ಟೆಗೆ ಜಾಗ ಬದಲಿಸುತ್ತ ಇಳಿಯಬಹುದು. ಸೀಳು ಹೋದ ದಾರಿಯಲ್ಲೇ ನೋವೂ ಹೋಗುತ್ತದೆ. ಎಷ್ಟು ಹೊತ್ತಿಗೆ ಬಂತು ಎಂದು ಕೇಳಿದರೆ ರೋಗಿ ಗಡಿಯಾರ ನೋಡಿಟ್ಟವರಂತೆ ನಿಮಿಷ ಹೇಳುವುದೂ ಉಂಟು.

ಆದರೆ ನೋವಿಲ್ಲವೆಂದ ಮಾತ್ರಕ್ಕೆ ಕಾಯಿಲೆ ಇಲ್ಲ ಎನ್ನುವಂತಿಲ್ಲ. ಜರ್ಮನಿಯ ವೈದ್ಯರು 102 ಡಿಸೆಕ್ಷನ್ ರೋಗಿಗಳನ್ನು ಪರಿಶೀಲಿಸಿ 2007ರಲ್ಲಿ ಬರೆದಂತೆ, ಅವರಲ್ಲಿ 30 ಮಂದಿಗೆ ಆರಂಭದಲ್ಲೇ ನರಮಂಡಲದ ಲಕ್ಷಣಗಳಿದ್ದವು. ಆ 30ರಲ್ಲಿ ಎದೆನೋವು ಹೇಳಿದವರು ಮೂರರಲ್ಲಿ ಎರಡು ಪಾಲು ಮಾತ್ರ. ಇಂಥ ಕಡೆ ಡಾಕ್ಟರರ ಕೈ, ಕಣ್ಣು ಕೆಲಸ ಮಾಡಬೇಕು. ಲಕ್ವ ಹೊಡೆದವರ ಬಿ.ಪಿ. ಸಾಮಾನ್ಯವಾಗಿ ಏರಿರುತ್ತದೆ. ಅದು 90ಕ್ಕೆ ಕುಸಿದಿದ್ದರೆ ಏನೋ ಬೇರೆ ಇದೆ. ಒಂದು ಕೈಯಲ್ಲಿ 160, ಇನ್ನೊಂದರಲ್ಲಿ 110 ಬಂದರೆ ಯಂತ್ರ ಕೆಟ್ಟಿದೆ ಎಂದು ತಳ್ಳಿಹಾಕುವಂತಿಲ್ಲ. ಎರಡು ಕೈಗಳ ನಡುವೆ 20ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಡಿಸೆಕ್ಷನ್ನಿನ ಅನುಮಾನ ಏಳಬೇಕು. ಒಂದು ಕೈಯ ನಾಡಿ ಸಿಗದಿರುವುದು, ಕಾಲು ತಣ್ಣಗಾಗಿರುವುದು, ಲಕ್ವದ ಜೊತೆ ಮೂರ್ಛೆ ಬಂದಿರುವುದು ಇದೇ ಸಾಲಿನವು. ಎರಡೂ ತೋಳಿಗೆ ಬಿ.ಪಿ. ಪಟ್ಟಿ ಕಟ್ಟಲು ಎರಡು ನಿಮಿಷ ಸಾಕು, ಖರ್ಚೇನೂ ಇಲ್ಲ. ‘ಡಾಕ್ಟ್ರೇ, ಇನ್ನೊಂದು ಕೈಯಲ್ಲೂ ನೋಡಿದ್ರಾ?’ ಎಂದು ಮನೆಯವರು ವಿನಯದಿಂದ ಕೇಳಿದರೆ ತಪ್ಪಲ್ಲ.

ಖಚಿತಪಡಿಸುವುದು ಸಿ.ಟಿ. ಆಂಜಿಯೋಗ್ರಾಮ್. ಲಕ್ವಕ್ಕೆ ಮೊದಲು ಮಾಡುವ ಸಾದಾ ತಲೆ ಸ್ಕ್ಯಾನಿನಲ್ಲಿ ಮಹಾಪಧಮನಿ ಕಾಣುವುದೇ ಇಲ್ಲ. ದೊಡ್ಡ ಆಸ್ಪತ್ರೆಗಳಲ್ಲಿ ಬಣ್ಣದ ಔಷಧ ಬಿಟ್ಟು ಕುತ್ತಿಗೆ, ತಲೆಯ ನಾಳಗಳನ್ನೂ ನೋಡುತ್ತಾರೆ. ಆ ಚಿತ್ರವನ್ನು ಎದೆಯ ಮೇಲ್ಭಾಗದಿಂದಲೇ ಶುರು ಮಾಡಿದರೆ ಬಾಗಿನಲ್ಲಿರುವ ಸೀಳು ಅದೇ ಚಿತ್ರದಲ್ಲಿ ಸಿಕ್ಕಿಬೀಳುತ್ತದೆ. ಇಷ್ಟೆಲ್ಲ ಸೌಲಭ್ಯವಿಲ್ಲದ ಊರಿನಲ್ಲಿ ಕುತ್ತಿಗೆಯ ಮೇಲೆ ಅಲ್ಟ್ರಾಸೌಂಡ್ ಇಟ್ಟರೂ ನಾಳದೊಳಗೆ ಹರಿದ ಪದರ ಪಟಪಟನೆ ಅಲುಗುವುದು ಕೆಲವೊಮ್ಮೆ ಕಾಣುತ್ತದೆ.

ಬೆಂಗಳೂರಿನಲ್ಲಿ ಲಕ್ವವೆಂದರೆ ನಿಮ್ಹಾನ್ಸ್, ಎದೆನೋವೆಂದರೆ ಜಯದೇವ ಎಂಬುದು ಆಟೋ ಚಾಲಕರಿಗೂ ಗೊತ್ತಿರುವ ವಿಂಗಡಣೆ. ಎರಡೂ ಆಸ್ಪತ್ರೆ ಹತ್ತಿರದಲ್ಲೇ ಇವೆ. ಈ ಕಾಯಿಲೆ ಮಾತ್ರ ಎರಡರ ನಡುವೆ ನಿಲ್ಲುತ್ತದೆ: ತೋರುವುದು ಮಿದುಳಿನಲ್ಲಿ, ಆಪರೇಷನ್ ಆಗಬೇಕಾದದ್ದು ಎದೆಯಲ್ಲಿ. ತಾಲ್ಲೂಕು ಆಸ್ಪತ್ರೆಗಳಲ್ಲೂ ಇಂಥ ಗೊಂದಲ ಆಗಬಹುದು. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಡಿ ಹೃದಯಾಘಾತವಾದವರಿಗೆ ತಾಲ್ಲೂಕಿನಲ್ಲೇ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಸಿಗುವಂತಾಗಿದೆ, ಜೀವ ಉಳಿಸುವ ಕೆಲಸ ಅದು. ಆದರೆ ಮಹಾಪಧಮನಿಯ ಸೀಳು ಹೃದಯದ ರಕ್ತನಾಳದ ಬಾಯಿಗೂ ಹಬ್ಬಿ ಇ.ಸಿ.ಜಿ.ಯಲ್ಲಿ ಹೃದಯಾಘಾತದಂತೆಯೇ ಕಾಣಿಸಿಕೊಳ್ಳಬಲ್ಲದು. ನೋವು ಯಾವ ಕ್ಷಣದಲ್ಲಿ, ಎಲ್ಲಿಂದ ಎಲ್ಲಿಗೆ ಹೋಯಿತು ಎಂಬ ವಿವರ ಅಲ್ಲೂ ಅಷ್ಟೇ ಬೆಲೆಬಾಳುತ್ತದೆ.

ಮನೆಯಲ್ಲಿ ಮಾಡಬೇಕಾದ್ದು ಹೆಚ್ಚೇನಿಲ್ಲ, ಮಾಡಬಾರದ್ದೇ ಜಾಸ್ತಿ. ಮುಖ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ 108ಕ್ಕೆ ಫೋನ್. ನಾಟಿ ಔಷಧಿಗೆಂದು ಪಕ್ಕದೂರಿಗೆ ಕರೆದೊಯ್ಯುವುದು, ಎಣ್ಣೆ ತಿಕ್ಕುವುದು ಬೇಡ. ಹೃದಯಾಘಾತಕ್ಕೆ ಆಸ್ಪಿರಿನ್ ಅಗಿಯಬೇಕು ಎಂದು ಎಲ್ಲೋ ಕೇಳಿದವರು ಲಕ್ವದ ರೋಗಿಗೂ ಅದನ್ನು ಕೊಟ್ಟುಬಿಡುತ್ತಾರೆ. ಸ್ಕ್ಯಾನ್ ಆಗದೆ ಕೊಡಬಾರದು, ಮಿದುಳಿನಲ್ಲಿ ರಕ್ತಸ್ರಾವವಾಗಿದ್ದರೂ ಆಪತ್ತು, ಮಹಾಪಧಮನಿ ಸೀಳಿದ್ದರೂ ಆಪತ್ತು. ಬಿ.ಪಿ. ಮಾತ್ರೆಯನ್ನು ಹೆಚ್ಚುವರಿಯಾಗಿ ನುಂಗಿಸುವುದೂ ಬೇಡ, ನೀರೂ ಬೇಡ. ನುಂಗಲಾಗದೆ ಶ್ವಾಸಕೋಶಕ್ಕೆ ಇಳಿಯಬಹುದು. ಹಳೆಯ ಚೀಟಿಗಳ ಚೀಲ ಹಿಡಿದುಕೊಂಡು ಹೊರಡಬೇಕು. ದಾರಿಯಲ್ಲಿ ಒಂದೇ ಮಾತು ನೆನಪಿಟ್ಟುಕೊಂಡರೆ ಸಾಕು: ‘ಕೈ ಬೀಳೋಕೆ ಮುಂಚೆ ಎದೆ ನೋವು ಅಂದ್ರು, ಬೆನ್ನಿಗೂ ಹೋಯ್ತು ಅಂದ್ರು.’ ಇದನ್ನು ಆಂಬುಲೆನ್ಸಿನವರಿಗೆ, ಡ್ಯೂಟಿ ಡಾಕ್ಟರಿಗೆ, ನರರೋಗ ತಜ್ಞರಿಗೆ, ಒಬ್ಬೊಬ್ಬರಿಗೂ ಹೇಳಬೇಕು. ಒಬ್ಬರಿಗೆ ಹೇಳಿದ್ದು ಇನ್ನೊಬ್ಬರಿಗೆ ತಲುಪಿದೆ ಎಂದು ನಂಬಿ ಕೂರಬಾರದು.

ಹೃದಯಕ್ಕೆ ಹತ್ತಿರದ, ಮೇಲೇರುವ ಭಾಗದಲ್ಲಿ ಸೀಳಿದ್ದರೆ ಅದಕ್ಕೆ ಎ ಬಗೆ ಎನ್ನುತ್ತಾರೆ. ಎದೆ ತೆರೆದು ಆ ತುಂಡನ್ನು ತೆಗೆದು ಡೆಕ್ರಾನ್ ಕೊಳವೆ ಹೊಲಿಯುವುದೊಂದೇ ದಾರಿ. ಚಿಕಿತ್ಸೆ ಸಿಗದಿದ್ದರೆ ಮೊದಲ ಎರಡು ದಿನ ಗಂಟೆಗೆ ನೂರರಲ್ಲಿ ಒಬ್ಬಿಬ್ಬರಂತೆ ಸಾಯುತ್ತಾರೆ ಎಂಬುದು ಹಳೆಯ ಅಂದಾಜು. ಈಚಿನ ದಾಖಲೆಗಳು ಅದಕ್ಕಿಂತ ಕಡಿಮೆ ತೋರಿಸುತ್ತವೆ, ನೆಮ್ಮದಿ ಪಡುವಷ್ಟೇನಲ್ಲ. ಆಪರೇಷನ್ ವೇಳೆ ದೇಹವನ್ನು ತಂಪಾಗಿಸಿ, ರಕ್ತಸಂಚಾರವನ್ನು ಸ್ವಲ್ಪ ಹೊತ್ತು ನಿಲ್ಲಿಸಿ, ಮಿದುಳಿಗೆ ಮಾತ್ರ ಪ್ರತ್ಯೇಕವಾಗಿ ರಕ್ತ ಹರಿಸುತ್ತಾರೆ. ಲಕ್ವವೂ ಆಗಿದ್ದರೆ ಆಪರೇಷನ್ ಮಾಡಿ ಪ್ರಯೋಜನವೇನು ಎಂದು ಹಿಂದೆ ಹಿಂಜರಿಯುತ್ತಿದ್ದರು. ಅದೇ ಅಂತರರಾಷ್ಟ್ರೀಯ ದಾಖಲೆಯ 2013ರ ವಿಶ್ಲೇಷಣೆ ಆ ಹಿಂಜರಿಕೆಯನ್ನು ಅಲುಗಿಸಿತು: ಲಕ್ವದೊಂದಿಗೆ ಬಂದವರಲ್ಲಿ ಬರೀ ಔಷಧ ಪಡೆದ ನಾಲ್ವರಲ್ಲಿ ಮೂವರು ಆಸ್ಪತ್ರೆಯಲ್ಲೇ ತೀರಿಕೊಂಡರೆ, ಆಪರೇಷನ್ ಆದವರಲ್ಲಿ ಸತ್ತವರು ನಾಲ್ವರಲ್ಲಿ ಒಬ್ಬರಿಗಿಂತ ತುಸು ಹೆಚ್ಚು. ತಾಳಿಕೊಳ್ಳುವಂತಿದ್ದವರನ್ನೇ ಆಪರೇಷನ್ನಿಗೆ ಆರಿಸಿರುತ್ತಾರೆ ಎಂಬುದನ್ನು ಮರೆಯುವಂತಿಲ್ಲ. ಆದರೂ ಲಕ್ವವಾಗಿದೆ ಎಂಬ ಒಂದೇ ಕಾರಣಕ್ಕೆ ಕೈಚೆಲ್ಲಬೇಕಾಗಿಲ್ಲ ಎಂಬಷ್ಟು ಧೈರ್ಯ ಈಗ ಬಂದಿದೆ. ಬೆನ್ನಿನ ಕಡೆ ಇಳಿಯುವ ಭಾಗದಲ್ಲಿ ಮಾತ್ರ ಸೀಳಿದ್ದರೆ ಅದು ಬಿ ಬಗೆ, ತೊಡಕಿಲ್ಲದಿದ್ದರೆ ಬಿ.ಪಿ., ನಾಡಿ ಇಳಿಸುವ ಔಷಧದಲ್ಲೇ ನಿಭಾಯಿಸುತ್ತಾರೆ.

ಈ ಸೀಳಿನ ಸೋದರಸಂಬಂಧಿಯೊಂದು ಕುತ್ತಿಗೆಯ ನಾಳಗಳಲ್ಲೂ ಆಗುತ್ತದೆ, ಹರೆಯದವರ ಲಕ್ವಕ್ಕೆ ಅದೊಂದು ಮುಖ್ಯ ಕಾರಣ. ಕಟಿಂಗ್ ಮುಗಿದ ಮೇಲೆ ತಲೆ ಹಿಡಿದು ಕುತ್ತಿಗೆಯನ್ನು ಲಟಕ್ ಎನಿಸುವ ಉಪಚಾರ ಎಷ್ಟೋ ಸಲೂನುಗಳಲ್ಲಿದೆ. ಬೇಡವೆನ್ನುವುದು ಒಳ್ಳೆಯದು. ಕುತ್ತಿಗೆಯ ಮೂಳೆಗಳ ರಂಧ್ರಗಳಲ್ಲೇ ಹಾದು ಮಿದುಳಿಗೆ ಹೋಗುವ ನಾಳಗಳಿಗೆ ಆ ಸೊಗಸು ಸಹಿಸುವುದಿಲ್ಲ.

ಮಹಾಪಧಮನಿಯ ಗೋಡೆಯನ್ನು ಸವೆಸುವ ಮುಖ್ಯ ಶತ್ರು ಹತೋಟಿಯಿಲ್ಲದ ಬಿ.ಪಿ. ಮೇಲೆ ಹೇಳಿದ 464 ಮಂದಿಯಲ್ಲಿ ನೂರಕ್ಕೆ 72ರಷ್ಟು ಜನರಿಗೆ ಅದಿತ್ತು. ಸುಸ್ತಿಲ್ಲ, ತಲೆ ಸುತ್ತಿಲ್ಲ ಎಂದು ತಿಂಗಳುಗಟ್ಟಲೆ ಮಾತ್ರೆ ಬಿಡುವವರು ಗಮನಿಸಬೇಕಾದ ಅಂಕಿ ಇದು. ಉಳಿದವರಲ್ಲಿ ಹುಟ್ಟಿನಿಂದ ಗೋಡೆ ದುರ್ಬಲವಾದವರಿದ್ದಾರೆ. ತೀರ ಎತ್ತರ, ಉದ್ದುದ್ದ ತೋಳು, ಜೇಡನ ಕಾಲಿನಂಥ ಬೆರಳು ಇರುವ ಮಾರ್ಫಾನ್ ಸಿಂಡ್ರೋಮಿನವರು, ಹೃದಯದಿಂದ ಮಹಾಪಧಮನಿಗೆ ತೆರೆಯುವ ಕವಾಟಕ್ಕೆ ಮೂರರ ಬದಲು ಎರಡೇ ಎಸಳಿರುವವರು, ಮನೆತನದಲ್ಲಿ ಯಾರಿಗಾದರೂ ಮಹಾಪಧಮನಿ ಉಬ್ಬಿದ ಅಥವಾ ಸೀಳಿದ ಇತಿಹಾಸವಿರುವವರು. ಇವರಿಗೆ ಒಂದು ಎಕೋ ಪರೀಕ್ಷೆ ಮೊದಲೇ ಆಗಿರಬೇಕು. ನಾಳ ಅಗಲವಾಗುತ್ತ 5.5 ಸೆಂಟಿಮೀಟರ್ ಮುಟ್ಟಿದರೆ, ಮಾರ್ಫಾನಿನಂಥವರಲ್ಲಿ ಅದಕ್ಕೂ ಮುಂಚೆಯೇ, ಸೀಳುವ ತನಕ ಕಾಯದೆ ಆಪರೇಷನ್ ಮಾಡುತ್ತಾರೆ.

1984ರ ಒಲಿಂಪಿಕ್ಸಿನಲ್ಲಿ ಬೆಳ್ಳಿ ಗೆದ್ದ ಅಮೆರಿಕದ ವಾಲಿಬಾಲ್ ತಂಡದಲ್ಲಿ ಫ್ಲೋ ಹೈಮನ್ ಇದ್ದರು, ಎತ್ತರ ಆರಡಿ ಐದಿಂಚು. ಆ ಎತ್ತರವನ್ನು ಎಲ್ಲರೂ ಆಟಕ್ಕೆ ಸಿಕ್ಕ ವರವೆಂದೇ ನೋಡಿದರು. 1986ರ ಜನವರಿ 24ರಂದು ಜಪಾನಿನ ಮಾತ್ಸುವೆಯಲ್ಲಿ ಪಂದ್ಯದ ನಡುವೆ ಬೆಂಚಿನಲ್ಲಿ ಕೂತಿದ್ದವರು ಕುಸಿದು ತೀರಿಕೊಂಡರು, ವಯಸ್ಸು 31. ಹೃದಯಾಘಾತ ಎಂದೇ ಮೊದಲು ಹೇಳಿದ್ದು. ಮರಣೋತ್ತರ ಪರೀಕ್ಷೆಯಲ್ಲಿ ಸೀಳಿದ ಮಹಾಪಧಮನಿ ಸಿಕ್ಕಿತು, ಮಾರ್ಫಾನ್ ಇದ್ದದ್ದೂ ಗೊತ್ತಾಯಿತು. ಆಮೇಲೆ ಮನೆಯವರನ್ನು ಪರೀಕ್ಷಿಸಿದಾಗ ಅವರ ತಮ್ಮನಿಗೂ ಅದೇ ತೊಂದರೆ ಇರುವುದು ಕಂಡುಬಂತು. ಅವರಿಗೆ ಸಕಾಲದಲ್ಲಿ ಆಪರೇಷನ್ ಆಯಿತು.